ಸಹಾಯ ಬೇಕು: ಈ 1914ರ ‘ಡಿ’ ಪೆನ್ನಿ ಅಸಲಿಯಾ?

ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ಗರಾಜ್ ಸೇಲ್‌ನಿಂದ ಒಂದು ಡಬ್ಬಿ ಹಳೇ ಲಿಂಕನ್ ಪೆನ್ನಿ (ಲಿಂಕನ್ ಮುಖವಿರುವ ಒಂದು ಸೆಂಟ್ ನಾಣ್ಯ) ತಂದೆ. ಹಿಂಬದಿಯಲ್ಲಿ ಗೋಧಿ ತೆನೆ ಇರುವವು, 1958ಕ್ಕಿಂತ ಈಚಿನವಲ್ಲ. 1943ರದ್ದೊಂದು ತಾಮ್ರದ ಬಣ್ಣದಲ್ಲಿತ್ತು. ಆ ವರ್ಷದ ಪೆನ್ನಿ ಉಕ್ಕಿನದು, ತಪ್ಪಿ ತಾಮ್ರದಲ್ಲಾದವು ತುಂಬಾ ಅಪರೂಪ. ಎದೆ ಡವಡವ! ಆಯಸ್ಕಾಂತ ಹಿಡಿದರೆ ಟಕ್ಕಂತ ಅಂಟಿತು. ಉಕ್ಕಿನ ಪೆನ್ನಿಗೆ ತಾಮ್ರದ ಲೇಪ, ಅಷ್ಟೇ.

ತಲೆ ಕೆಡಿಸಿರುವುದು ಇನ್ನೊಂದು. ಇಸವಿ 1914, ಕೆಳಗೆ ಡೆನ್ವರ್ ಟಂಕಸಾಲೆಯ ‘ಡಿ’. ಇದು ಅಪರೂಪದ್ದು, ಅದಕ್ಕೇ 1944ರದ್ದರಲ್ಲಿ ಮೊದಲ 4 ಕೆರೆದು 1 ಮಾಡುವವರಿದ್ದಾರೆ. ಹಾಗೆ ಮಾಡಿದರೆ 9 ಮತ್ತು 1ರ ನಡುವೆ ಜಾಗ ಜಾಸ್ತಿ ಉಳಿಯುತ್ತದೆ, ಲಿಂಕನ್ ಭುಜದಂಚಿನಲ್ಲಿ, ಅಸಲಿ 1914ರದ್ದರಲ್ಲಿ ಇರದ ‘ವಿಡಿಬಿ’ (ವಿನ್ಯಾಸಕನ ಹೆಸರಿನ ಮೊದಲಕ್ಷರಗಳು) ಅಕ್ಷರವೂ ಇರುತ್ತದೆ. ನನ್ನದರಲ್ಲಿ ಅಕ್ಷರವಿಲ್ಲ, ಆದರೆ ಅಲ್ಲೇ ಉಜ್ಜಿದ ಗೆರೆಗಳಿವೆ! ಅನುಮಾನ ಬರುತ್ತದೆ ಅಲ್ವಾ?

ಫೋಟೋ ಹಾಕಿದ್ದೇನೆ. ಗ್ರೇಡಿಂಗ್‌ಗೆ (ತಜ್ಞರಿಂದ ನಾಣ್ಯ ಪರೀಕ್ಷಿಸಿ ದರ್ಜೆ ಹಾಕಿಸಲು) ದುಡ್ಡು ಸುರಿಯಬಹುದಾ? ನೋಡಿದವರು ಹೇಳಿ. ಅಮ್ಮ ಫೋನಿನಲ್ಲಿ ‘ಹುಣಸೆಹಣ್ಣು ಹಾಕಿ ತಿಕ್ಕು’ ಅಂದಳು, ಸದ್ಯ ತಿಕ್ಕಿಲ್ಲ.