‘ಮನೆಮಂದಿ’ ಗುಂಪಿನಲ್ಲಿ ಒಡಿಸಿಯಸ್‌ನ ಬಿಲ್ಲು

ಶಿವಮೊಗ್ಗ ದೊಡ್ಡಪ್ಪ (ಫಾರ್ವರ್ಡ್): *ನಿಮಗೆ ಗೊತ್ತೇ???* ಗ್ರೀಕ್ ವೀರ ಒಡಿಸಿಯಸ್‌ನ ಬಿಲ್ಲಿನ ತೂಕ 150 ಕೆಜಿ!! 108 ಯುವಕರಿಗೆ ಅಲುಗಾಡಿಸಲೂ ಆಗಲಿಲ್ಲ. ಇಂದಿನ ಹುಡುಗರಿಗೆ ಗ್ಯಾಸ್ ಸಿಲಿಂಡರ್ ಎತ್ತಲೂ ಆಗದು. ಎಲ್ಲರಿಗೂ ಕಳಿಸಿ 🙏

ರಾಜಿ ಅತ್ತೆ: ನಿಜ ಅಣ್ಣ. ನಮ್ಮನೇಲೇ ಒಂದು ಉದಾಹರಣೆ ಇದೆ, ಇನ್ನೂ ಎದ್ದಿಲ್ಲ.

ಪುಟ್ಟು: ಮೂಲ ಯಾವುದು ದೊಡ್ಡಪ್ಪ? ಎರಡು ಸಾವಿರದ ನೋಟಲ್ಲಿ ಚಿಪ್ ಇದೆ ಅಂತ 2016ರಲ್ಲಿ ಬಂದಿದ್ದೂ ನಿಮ್ಮ ನಂಬರಿಂದಲೇ.

ಶಿವಮೊಗ್ಗ ದೊಡ್ಡಪ್ಪ: ಟಿವಿಯವರು ಹೇಳಿದ್ದನ್ನೇ ಕಳಿಸಿದ್ದು. ದೊಡ್ಡವರು ಒಂದು ಒಳ್ಳೆ ಮಾತು ಹಾಕಿದ್ರೆ ಲೆಕ್ಕ ಕೇಳೋದು ನಿಮ್ಮಪ್ಪನ ಕಡೆಯ ಬುದ್ಧಿ.

ಪುಟ್ಟು: ನಮ್ಮಪ್ಪ ನಿಮ್ಮ ಒಡಹುಟ್ಟಿದ ತಮ್ಮ.

ನಂಜನಗೂಡು ಚಿಕ್ಕಮ್ಮ: 108 ಸರಿ, ಉಳಿದಿದ್ದು ತಪ್ಪು. ಗ್ರೀಕ್ ಕವಿ ಹೋಮರನ ಕಾವ್ಯ ‘ಒಡಿಸಿ’, 21ನೇ ಭಾಗ. ಉಗ್ರಾಣದ ಗೂಟಕ್ಕೆ ಚೀಲದ ಸಮೇತ ನೇತುಹಾಕಿದ್ದ ಬಿಲ್ಲನ್ನು ಒಡಿಸಿಯಸ್‌ನ ಹೆಂಡತಿ ಪೆನೆಲೋಪಿ ತಾನೇ ಇಳಿಸ್ತಾಳೆ, ತೊಡೆ ಮೇಲಿಟ್ಟುಕೊಂಡು ಅಳ್ತಾಳೆ, ಕೈಯಲ್ಲಿ ಹಿಡಿದು ಹಜಾರಕ್ಕೆ ಬರ್ತಾಳೆ. 150 ಕೆಜಿನಾ? ಅವಳನ್ನ ಮದುವೆಯಾಗೋಕೆ ಬಂದವರಿಗೆ ಪಂದ್ಯ ಇದ್ದಿದ್ದು ಎತ್ತೋದಕ್ಕಲ್ಲ. ಹೆದೆ ಏರಿಸಬೇಕು, ಸಾಲಾಗಿ ನಿಲ್ಲಿಸಿದ 12 ಕೊಡಲಿಗಳ ನಡುವೆ ಬಾಣ ದಾಟಿಸಬೇಕು. ಆ 108 ಜನರಲ್ಲಿ ಎಲ್ಲರೂ ಮುಟ್ಟಿ ನೋಡಲೂ ಇಲ್ಲ. ಮುಖಂಡ ಆಂಟಿನೂಸ್, “ಇವತ್ತು ಅಪೊಲೊ ಹಬ್ಬ, ನಾಳೆ ನೋಡೋಣ” ಅಂದುಬಿಟ್ಟ.

ರಾಜಿ ಅತ್ತೆ: ನಮ್ಮ ಸೈಟಿನ ಪಾಲಿನ ವಿಷಯಕ್ಕೂ ಹೀಗೇ ನಾಳೆ ನಾಳೆ ಅಂತಾರೆ ಕೆಲವರು.

ಶಿವಮೊಗ್ಗ ದೊಡ್ಡಪ್ಪ: ರಾಜಿ, ಅದನ್ನ ಇಲ್ಲಿ ತರಬೇಡ.

ಬಿಲ್ಲು ಭಾವ: ಆ ಬಿಲ್ಲಿನ ಗುಟ್ಟು ಹೋಮರ್ ಒಂದೇ ಸಾಲಲ್ಲಿ ಕೊಡ್ತಾನೆ. 20 ವರ್ಷ ಆದಮೇಲೆ ಕೈಗೆ ಬಂದ ಬಿಲ್ಲನ್ನು ಒಡಿಸಿಯಸ್ ತಿರುಗಿಸಿ ತಿರುಗಿಸಿ, ಕೊಂಬನ್ನು ಹುಳು ತಿಂದಿದೆಯಾ ಅಂತ ನೋಡ್ತಾನೆ. ಕೊಂಬಿದೆ ಅಂದ್ರೆ ಬರೀ ಮರದ ಬಿಲ್ಲಲ್ಲ. ಇಂಥದ್ದರಲ್ಲಿ ನಡುವೆ ಮರ, ಬಿಲ್ಲುಗಾರನ ಕಡೆಗೆ ಕೊಂಬಿನ ಪಟ್ಟಿ, ಗುರಿಯ ಕಡೆಗೆ ಪ್ರಾಣಿಯ ಸ್ನಾಯುವಿನ ನಾರು, ಎಲ್ಲಾ ಅಂಟಲ್ಲಿ ಕೂಡಿಸಿದ್ದು. ಬಾಗಿದಾಗ ಅದುಮೋ ಒತ್ತಡ ಕೊಂಬು ತಡೆಯುತ್ತೆ, ಎಳೆತ ನಾರು ತಡೆಯುತ್ತೆ. ಹೆದೆ ಬಿಚ್ಚಿದ್ರೆ ಬಿಲ್ಲು ಉಲ್ಟಾ ಸುರುಳಿ ಬೀಳುತ್ತೆ. ಹೆದೆ ಏರಿಸೋಕೆ ಅದನ್ನ ಪೂರ್ತಿ ಹಿಂದಕ್ಕೆ ಮಗುಚಬೇಕು. ಕೂತು, ಒಂದು ತುದಿಯನ್ನ ತೊಡೆಯ ಕೆಳಗೆ ಸಿಕ್ಕಿಸಿ, ಇನ್ನೊಂದು ಮಂಡಿ ಮೇಲೆ ಹಿಡಿಯನ್ನು ಊರಿ, ಮೇಲಿನ ತುದಿ ಎಳೆದುಕೊಂಡು ಕುಣಿಕೆ ಹಾಕೋದು ಒಂದು ವಿಧಾನ. ಬರೀ ತೋಳಲ್ಲಿ ಜಗ್ಗಿದ್ರೆ ರೆಕ್ಕೆ, ಅಂದ್ರೆ ಬಿಲ್ಲಿನ ಬಾಗೋ ಭಾಗ, ತಿರುಚಿಕೊಳ್ಳುತ್ತೆ, ಕುಣಿಕೆ ಜಾರುತ್ತೆ, ಬಿಲ್ಲು ಮುಖಕ್ಕೇ ಹಾರುತ್ತೆ.

ಪುಟ್ಟು: ಅಂದ್ರೆ ಶಕ್ತಿ ಬೇಡವೇ ಬೇಡ?

ಬಿಲ್ಲು ಭಾವ: ಬೇಕು, ಆದ್ರೆ ಅದೊಂದೇ ಸಾಲದು. ಮಗ ಟೆಲಿಮಾಕಸ್ ಮೂರು ಸಲ ಸೋತ, ನಾಲ್ಕನೇ ಸಲ ಏರಿಸೇಬಿಡ್ತಿದ್ದ. ವೇಷ ಮರೆಸಿ ಅಲ್ಲೇ ಇದ್ದ ಅಪ್ಪ ತಲೆ ಆಡಿಸಿ ತಡೆದ. ಉಳಿದವರು ಬೆಂಕಿ ಹಾಕಿ, ಕೊಬ್ಬಿನ ಉಂಡೆ ತರಿಸಿ ಬಿಲ್ಲನ್ನ ಕಾಯಿಸಿದ್ರು. ಥಂಡಿಯಲ್ಲಿ ಬಿರುಸಾದ ಕೊಂಬಿಗೆ ಹದವಾದ ಶಾಖ ಒಳ್ಳೆಯದೇ. ಹೆಚ್ಚಾದ್ರೆ ಅಂಟು ಬಿಡುತ್ತೆ.

ಸೀನ: ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಸೀತಾ ಸ್ವಯಂವರ ಬಂದ ದಿನ ನೆನಪಿದೆಯಾ? ಬೀದಿಗೆಲ್ಲ ಒಂದೇ ಟಿವಿ. ಅಜ್ಜಿ ಟಿವಿಗೇ ಆರತಿ ಎತ್ತಿದ್ರು.

ಶಿವಮೊಗ್ಗ ದೊಡ್ಡಪ್ಪ: ಅದನ್ನೇ ಹೇಳ್ತಿರೋದು! ನಮ್ಮಲ್ಲಿ ಶಿವಧನುಸ್ಸು, ಅವರಲ್ಲಿ ಇದು. ಎರಡೂ ಒಂದೇ.

ನಂಜನಗೂಡು ಚಿಕ್ಕಮ್ಮ: ಒಂದೇ ಅಲ್ಲ ಭಾವ. ವಾಲ್ಮೀಕಿ ರಾಮಾಯಣದಲ್ಲಿ ಎಂಟು ಚಕ್ರದ ಕಬ್ಬಿಣದ ಪೆಟ್ಟಿಗೆಯಲ್ಲಿ 5000 ಜನ ಎಳೆದು ತಂದಿದ್ದು ಮಿಥಿಲೆಯ ಬಿಲ್ಲು. ಆ ಭಾರವನ್ನ ಯಾರೋ ಒಡಿಸಿಯಸ್‌ನ ಊರು ಇಥಾಕಾಕ್ಕೆ ಸಾಗಿಸಿದ್ದಾರೆ.

ರಾಜಿ ಅತ್ತೆ: ಟಿವಿ ಯಾರ ಮನೇದು ಅಂತ ಹೇಳು ಸೀನ. ಕಪ್ಪು ಬಿಳುಪು ಆದ್ರೂ ನಮ್ಮದೇ.

ಸೀನ: ಕಾಫಿ ಮಾತ್ರ ಅರ್ಧ ಲೋಟ. ಇರಲಿ, ಭಾವ, ತೋಟಕ್ಕೆ ಹಂದಿ ಬರ್ತಿದೆ. ಬಿಲ್ಲಲ್ಲಿ ಹೊಡೀಬಹುದಾ?

ಬಿಲ್ಲು ಭಾವ: ಆ ಯೋಚನೆ ಬಿಡು. 1972ರ ವನ್ಯಜೀವಿ ಕಾಯ್ದೆ ಇದೆ, ಜೈಲೂಟ ಆಗುತ್ತೆ. ಅಲ್ಲದೆ ಬಾಣ ಗುಂಡಿನ ಥರ ಪೆಟ್ಟಿನಿಂದ ಕೊಲ್ಲಲ್ಲ, ರಕ್ತ ಸೋರಿಸಿ ಕೊಲ್ಲುತ್ತೆ. ಬೇಟೆಗೆ ಅನುಮತಿ ಇರೋ ದೇಶಗಳಲ್ಲಿ ಪ್ರಾಣಿ ಅಡ್ಡಲಾಗಿ ನಿಂತಾಗ ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ ಗುರಿ ಇಡ್ತಾರೆ. ಭುಜದ ಎಲುಬಿಗೆ ತಾಗಿದ್ರೆ ಬಾಣ ನಿಂತುಹೋಗುತ್ತೆ. ಬಿಟ್ಟ ಕೂಡಲೇ ಬೆನ್ನಟ್ಟಲ್ಲ, ಕಾಯ್ತಾರೆ. ಓಡಿಸಿದ್ರೆ ಗಾಯಗೊಂಡ ಪ್ರಾಣಿ ಎಲ್ಲೋ ಹೋಗಿ ನರಳಿ ಸಾಯುತ್ತೆ.

ನಂಜನಗೂಡು ಚಿಕ್ಕಮ್ಮ: ‘ಒಡಿಸಿ’ಯಲ್ಲೂ ಬೇಟೆ ಇದೆ, 9ನೇ ಭಾಗ. ಬಿಲ್ಲು, ಈಟಿ ಹಿಡಿದು ಕಾಡುಮೇಕೆ ಹೊಡೀತಾರೆ. 12 ಹಡಗು, ಹಡಗಿಗೆ 9 ಮೇಕೆ, ಒಡಿಸಿಯಸ್‌ನ ಹಡಗಿಗೆ ಮಾತ್ರ 10.

ರಾಜಿ ಅತ್ತೆ: ಅಲ್ಲೂ ಪಾಲಿನಲ್ಲಿ ದೊಡ್ಡವರಿಗೆ ಒಂದು ಹೆಚ್ಚು.

ಶಿವಮೊಗ್ಗ ದೊಡ್ಡಪ್ಪ: ರಾಜಿ!!

ಪುಟ್ಟು: ಇಂಗ್ಲಿಷಿನ ‘ಟಾಕ್ಸಿಕ್’ (ವಿಷಕಾರಿ) ಅನ್ನೋ ಪದವೂ ಬಿಲ್ಲಿನ ಗ್ರೀಕ್ ಹೆಸರು ‘ಟಾಕ್ಸಾನ್’ನಿಂದಲೇ ಬಂದಿದ್ದು, ಬಾಣಕ್ಕೆ ಹಚ್ಚೋ ವಿಷದ ದಾರಿಯಲ್ಲಿ. ಗುಂಪಿಗೆ ಹೊಂದುತ್ತೆ.

ಚಿನ್ನು: ನಾನು ಬಿಲ್ಲುಗಾರಿಕೆ ಕಲೀಬೇಕು ಅಂತಿದೀನಿ. ಆನ್‌ಲೈನ್‌ನಲ್ಲಿ 45 ಪೌಂಡಿನ ರಿಕರ್ವ್ (ತುದಿ ಮುಂದಕ್ಕೆ ಬಾಗಿದ ಬಿಲ್ಲು) ಸಿಗ್ತಿದೆ. ತಗೊಳ್ಲಾ?

ಬಿಲ್ಲು ಭಾವ: ಬೇಡಮ್ಮ. ಅದು ಪಳಗಿದವರ ಬಲ. ನೀನು 18ರಿಂದ 20 ಪೌಂಡಿನಲ್ಲಿ ಶುರು ಮಾಡು. ಆ ಅಂಕಿ ಹೆದೆಯನ್ನ 28 ಇಂಚು ಎಳೆಯೋಕೆ ಬೇಕಾಗೋ ಬಲದ ಲೆಕ್ಕ. ಹೆಚ್ಚಿನ ಬಲ ತಗೊಂಡ್ರೆ ಬೆನ್ನಿನ ಬದಲು ಭುಜ ಮೇಲೆತ್ತಿ ಎಳೀತೀಯ, ಆ ಚಾಳಿ ಬಿಡಿಸೋದು ಕಷ್ಟ. ಹೆದೆ ಏರಿಸೋಕೆ ಸ್ಟ್ರಿಂಗರ್ ಹಗ್ಗ ತಗೋ. ಅದರ ಜೇಬುಗಳಿಗೆ ಎರಡೂ ತುದಿ ಹಾಕಿ, ಹಗ್ಗ ಮೆಟ್ಟಿ, ಹಿಡಿಯನ್ನ ನೇರ ಮೇಲೆತ್ತಿ, ಕುಣಿಕೆ ಜಾರಿಸು. ಎರಡೂ ಕಡೆ ಕುಣಿಕೆ ತುದಿಯ ಕಚ್ಚಿನಲ್ಲಿ ಕೂತಿದೆಯಾ ನೋಡಿ ಆಮೇಲೆ ಸಡಿಲಿಸು. ಬಾಣ ಇಲ್ಲದೆ ಎಳೆದು ಬಿಡಲೇಬೇಡ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ರೆಕ್ಕೆಗೆ ವಾಪಸ್ ಬಂದು ಸೀಳುತ್ತೆ. ಒಡಿಸಿಯಸ್ ಮೀಟಿದ್ದು ಬೆರಳಲ್ಲಿ ಅಷ್ಟೆ. ಹೆದೆ ಸ್ವಾಲೋ ಹಕ್ಕಿ ಹಾಗೆ ಉಲೀತು.

ಶಿವಮೊಗ್ಗ ದೊಡ್ಡಪ್ಪ: 20 ಪೌಂಡ್ ಅಂದ್ರೆ ಕೆಜಿ ಎಷ್ಟು?

ಬಿಲ್ಲು ಭಾವ: 9.

ಶಿವಮೊಗ್ಗ ದೊಡ್ಡಪ್ಪ: ಅಷ್ಟು ಭಾರದ ಬಿಲ್ಲು ಹೊತ್ಕೊಂಡು ಹುಡುಗಿ ಬಸ್ಸು ಹತ್ತೋದು ಹೇಗೆ?