ಉಬ್ಬು ಹತ್ತಿದರೆ ಸ್ಟೀರಿಂಗ್ ಜಗ್ಗುತ್ತೆ, ಮಾಡಿ ಗೊತ್ತಿರೋರು ಹೇಳಿ

ಕೇಳಿದ್ದು: ನಮ್ಮದು ಕಾಲೇಜಿನ ಫಾರ್ಮುಲಾ ಕಾರು. ಮುಂದೆ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತೋಳಿರೋ ಡಬಲ್ ವಿಶ್‌ಬೋನ್, ಚಕ್ರ ತಿರುಗಿಸೋ ಹಲ್ಲಿನ ದಂಡ ಮಾರುತಿ 800ರ ಸ್ಟೀರಿಂಗ್ ರ‍್ಯಾಕ್. ರಸ್ತೆ ಸ್ವಲ್ಪ ಏರುಪೇರಿದ್ದರೂ ಕಾರು ಅತ್ತಿತ್ತ ಎಳೆಯುತ್ತೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೂ ಬರಲ್ಲ. ಅಲೈನ್‌ಮೆಂಟ್ ಮಾಡಿಸಿ ಆಯ್ತು. ವಿದ್ಯಾರ್ಥಿಗಳ ಕಾರು ಸ್ಪರ್ಧೆ ಫಾರ್ಮುಲಾ ಭಾರತ್‌ಗೆ ಕೊಯಮತ್ತೂರಿಗೆ ಹೊರಡೋದರೊಳಗೆ ಸರಿಯಾಗಬೇಕು.

ಹಳೇ ತಂಡದವನು: ಅಲೈನ್‌ಮೆಂಟ್ ಅಂಗಡಿಯವರು ಅಳೆಯೋದು ನಿಂತ ಗಾಡಿನ. ನಿಮ್ಮದು ಬಂಪ್ ಸ್ಟಿಯರ್, ಚಕ್ರ ಮೇಲೆ ಕೆಳಗೆ ಆಡಿದಾಗ ಟೋ (ಮೇಲಿನಿಂದ ನೋಡಿದರೆ ಚಕ್ರದ ಮುಂತುದಿ ಒಳಗೋ ಹೊರಗೋ ತಿರುಗಿರೋದು) ಬದಲಾಗ್ತಿದೆ. ಷಾಕ್ ಬಿಚ್ಚಿ, ಚಾಸಿಯನ್ನ ಸ್ಟ್ಯಾಂಡ್ ಮೇಲೆ ಕೂರಿಸಿ, ರ‍್ಯಾಕ್ ನಡುವಲ್ಲಿ ಲಾಕ್ ಮಾಡಿ. ಹಬ್‌ಗೆ ಉದ್ದನೆ ಪಟ್ಟಿ ಬಿಗಿದು, ಜಾಕಿನಿಂದ 5 ಮಿ.ಮೀ. ಲೆಕ್ಕದಲ್ಲಿ ಮೇಲೆ 25, ಕೆಳಗೆ 25ರವರೆಗೆ ಆಡಿಸಿ, ಪಟ್ಟಿಯ ಎರಡೂ ತುದಿ ಅಳೆದು ಬರ್ಕೊಳ್ಳಿ. ಮೇಲೆ ಹೋದಾಗ ಟೋ ಇನ್, ಕೆಳಗೆ ಬಂದಾಗ ಟೋ ಔಟ್, ಅಥವಾ ಇದರ ಉಲ್ಟಾ ಬಂದರೆ, ಟೈ ರಾಡ್ (ರ‍್ಯಾಕಿನಿಂದ ಚಕ್ರಕ್ಕೆ ಹೋಗೋ ಸರಳು) ತುದಿಯ ಎತ್ತರ ತಪ್ಪಿದೆ. ರಾಡ್ ಎಂಡ್ (ಅದರ ತುದಿಯ ಕೀಲು) ಹತ್ರ ಸ್ಪೇಸರ್ (ಎತ್ತರ ಹೊಂದಿಸೋ ಬಿಲ್ಲೆ) ಹಾಕಿ ತೆಗೆದು ಸರಿ ಮಾಡ್ಬಹುದು. ಮೇಲೂ ಕೆಳಗೂ ಒಂದೇ ಕಡೆಗೆ ಓಡಿದರೆ ರಾಡ್‌ನ ಉದ್ದವೇ ಹೊಂದ್ತಿಲ್ಲ ಅಂತ. ಹಾಗಂತ ರಾಡ್ ತಿರುಗಿಸಿ ಉದ್ದ ಮಾಡ್ಬೇಡಿ, ನಿಂತಾಗಿನ ಟೋ ಕೆಡುತ್ತೆ ಅಷ್ಟೇ. 800ರ ರ‍್ಯಾಕ್ ಆ ಕಾರಿನ ಮೇಲಿನ ತೋಳಿಲ್ಲದ ಮ್ಯಾಕ್‌ಫರ್ಸನ್ ಸ್ಟ್ರಟ್‌ಗೆ ಹೊಂದೋ ಅಗಲದ್ದು. ಮುಂದಿನಿಂದ ನೋಡಿದಾಗ ಮೇಲಿನ, ಕೆಳಗಿನ ವಿಶ್‌ಬೋನ್‌ಗಳ ಒಳ ಪಿವಟ್ ಸೇರಿಸೋ ಗೆರೆ ಮೇಲೆ ಟೈ ರಾಡ್‌ನ ಒಳತುದಿ ಬರಬೇಕು. ನಿಮ್ಮದರಲ್ಲಿ ಬಂದಿರೋದು ನನಗೆ ಅನುಮಾನ. ರ‍್ಯಾಕ್ ಕಟ್ ಮಾಡಿಸೋದಕ್ಕೆ ಮನಸ್ಸು ಗಟ್ಟಿ ಮಾಡ್ಕೊಳ್ಳಿ.

ಮೈಸೂರಿನ ಗ್ಯಾರೇಜಿನಿಂದ: ಮೇಲಿನವರು ಹೇಳಿದ್ದು ಸರಿ, ಆದರೆ ಕ್ಯಾಸ್ಟರ್ (ಚಕ್ರ ತಿರುಗೋ ಅಕ್ಷ ಪಕ್ಕದಿಂದ ನೋಡಿದಾಗ ಹಿಂದಕ್ಕೆ ವಾಲಿರೋ ಕೋನ, ಸ್ಟೀರಿಂಗ್ ತಾನಾಗಿ ನೇರಕ್ಕೆ ಬರೋದು ಇದರಿಂದ) ಮೊದಲು ಮುಗಿಸಿ. ಮೇಲಿನ ಬಾಲ್ ಜಾಯಿಂಟ್ ಹಿಂದಕ್ಕೆ ಸರಿಸಿದರೆ ಟೈ ರಾಡ್ ಹಿಡಿಯೋ ಸ್ಟೀರಿಂಗ್ ಆರ್ಮ್‌ನ ಎತ್ತರ ಬದಲಾಗುತ್ತೆ, ಹಾಕಿದ ಸ್ಪೇಸರೆಲ್ಲ ದಂಡ. ಅದಕ್ಕೂ ಮುಂಚೆ ಟೈ ರಾಡ್ ಬಿಚ್ಚಿ ಸ್ಟೀರಿಂಗ್ ತಿರುಗಿಸಿ ನೋಡಿ. ಆಗಲೂ ಬಿಗಿ ಇದ್ದರೆ ಕಾಲಮ್ಮಿನ (ಸ್ಟೀರಿಂಗ್ ಕಂಬದ) ಯೂನಿವರ್ಸಲ್ ಜಾಯಿಂಟೋ ರ‍್ಯಾಕೋ ಹಿಡೀತಿದೆ, ಎಷ್ಟು ಕ್ಯಾಸ್ಟರ್ ಕೊಟ್ರೂ ವಾಪಸ್ ಬರಲ್ಲ. ಅಳತೆಗೆ ಮಷೀನ್ ಬೇಡ. ಚಕ್ರದ ಕೆಳಗೆ ಎರಡು ಟೈಲ್ಸ್, ನಡುವೆ ಗ್ರೀಸ್. ಚಕ್ರ 20 ಡಿಗ್ರಿ ಒಳಗೆ, 20 ಡಿಗ್ರಿ ಹೊರಗೆ ತಿರುಗಿಸಿ ಎರಡು ಸಲವೂ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರೋ ಕೋನ) ನೋಡಿ. ವ್ಯತ್ಯಾಸಕ್ಕೆ ಒಂದೂವರೆ ಪಟ್ಟು ಹಾಕಿದರೆ ಹತ್ತಿರ ಹತ್ತಿರ ಕ್ಯಾಸ್ಟರ್ ಸಿಗುತ್ತೆ. 4, 5 ಡಿಗ್ರಿ ಇದ್ರೆ ನಡೆಯುತ್ತೆ. ಎಡ ಬಲ ಒಂದೇ ಇರಲಿ.

ಇನ್ನೊಬ್ಬರು: ರೈಡ್ ಹೈಟ್ (ಕಾರು ನೆಲದಿಂದ ನಿಲ್ಲೋ ಎತ್ತರ) ಹಿಡಿಯುವಾಗ ಡ್ರೈವರ್ ಸೀಟಲ್ಲಿ ಕೂತಿರಲಿ, ಟೈರಲ್ಲಿ ಗಾಳಿ ಸರಿಯಿರಲಿ. ಸ್ಟೀರಿಂಗ್ ಪ್ಲೇ (ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಆಡೋ ಸಡಿಲು) ಕೂಡ ನೋಡ್ಕೊಳ್ಳಿ, 7 ಡಿಗ್ರಿ ದಾಟಿದ್ರೆ ಇನ್‌ಸ್ಪೆಕ್ಷನ್‌ನಲ್ಲೇ ನಿಲ್ಲಿಸ್ತಾರೆ.