ವಿಚಾರಣೆಯೇ ಶುರುವಾಗದೆ ವರ್ಷಗಟ್ಟಲೆ ಜೈಲು, ಇದು ಹೇಗೆ ಸಾಧ್ಯ?

ತುಂಗಾತೀರ:
ಸ್ಟ್ಯಾನ್ ಸ್ವಾಮಿ ಅವರ ಬಗ್ಗೆ ಓದುತ್ತಿದ್ದೆ. ಜಾರ್ಖಂಡ್‌ನ ಆದಿವಾಸಿಗಳ ಪರ ದುಡಿದವರು. 2020ರ ಅಕ್ಟೋಬರ್‌ನಲ್ಲಿ ಭೀಮಾ ಕೋರೆಗಾಂವ್ ಹಿಂಸಾಚಾರದ ಕೇಸಲ್ಲಿ ಬಂಧನ, 2021ರ ಜುಲೈ 5ಕ್ಕೆ ಸಾವು. ವಿಚಾರಣೆ ಶುರುವಾಗಿರಲೇ ಇಲ್ಲ. ವಯಸ್ಸು 84, ಆದರೂ ಜಾಮೀನು ಯಾಕೆ ಸಿಗಲಿಲ್ಲ?

ಕರಿಕೋಟು:
ಅವರ ಮೇಲೆ ಹಾಕಿದ್ದು ಯುಎಪಿಎ, ಅಂದರೆ ಭಯೋತ್ಪಾದನೆಯಂಥ ಕೇಸುಗಳಿಗೆ ಬಳಸುವ ಅಕ್ರಮ ಚಟುವಟಿಕೆ ತಡೆ ಕಾಯ್ದೆ. ಅದರ 43ಡಿ(5) ಕಲಂ ನೋಡಿ. 2008ರಲ್ಲಿ ಸೇರಿಸಿದ್ದು. ಪೊಲೀಸರ ಕಾಗದಪತ್ರ ನೋಡಿ ಆರೋಪ ಮೇಲ್ನೋಟಕ್ಕೆ ನಿಜ ಅನಿಸಿದರೆ ಸಾಕು, ಜಾಮೀನು ಕೊಡುವಂತಿಲ್ಲ. ಆ ಹಂತದಲ್ಲಿ ಸಾಕ್ಷ್ಯವನ್ನು ಕೆದಕಿ ನೋಡಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಅಂದರೆ ಪೊಲೀಸರು ಬರೆದದ್ದನ್ನು ಪ್ರಶ್ನಿಸಲು ಆರೋಪಿಗೆ ಜಾಗವೇ ಇಲ್ಲ, ಅಲ್ವಾ? ವಿಚಾರಣೆ ತೀರಾ ತಡವಾದರೆ ಜಾಮೀನು ಕೊಡಬಹುದು ಅಂತ ಅದೇ ಕೋರ್ಟಿನ 2021ರ ನಜೀಬ್ ಕೇಸಿನ ತೀರ್ಪು ಹೇಳುತ್ತದೆ. ಆದರೆ ಅದಕ್ಕೂ ಮೊದಲು ವರ್ಷಗಟ್ಟಲೆ ಒಳಗಿರಬೇಕು!

ಹಳೇಬೇರು:
ಸ್ಟ್ಯಾನ್ ಸ್ವಾಮಿ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರೂ ಆಗಿದ್ದವರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲು ಆಗುತ್ತಿರಲಿಲ್ಲ. ನೀರು ಕುಡಿಯಲು ಒಂದು ಸ್ಟ್ರಾ, ಸಿಪ್ಪರ್ ಕೇಳಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಉತ್ತರ ಕೊಡಲು ಕೇಸಿನ ತನಿಖೆ ಮಾಡುತ್ತಿದ್ದ ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ) 20 ದಿನ ಕೇಳಿತು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಳೆಬಿಲ್ಲು:
ಬೆಂಗಳೂರಿನ ಪರಿಸರ ಹೋರಾಟಗಾರ್ತಿ ದಿಶಾ ರವಿ ಕೇಸನ್ನೂ ಪಕ್ಕದಲ್ಲಿಟ್ಟು ನೋಡಿ. ರೈತ ಹೋರಾಟವನ್ನು ಹೇಗೆ ಬೆಂಬಲಿಸಬೇಕು ಅಂತ ತಿಳಿಸುವ ಆನ್‌ಲೈನ್ ಕಡತ, ಅಂದರೆ ಟೂಲ್‌ಕಿಟ್ ತಿದ್ದಿದರು ಅಂತ ದೆಹಲಿ ಪೊಲೀಸರು 2021ರ ಫೆಬ್ರವರಿ 13ರಂದು ಇಲ್ಲಿಂದ ಕರೆದೊಯ್ದರು. ಹಾಕಿದ್ದು ರಾಜದ್ರೋಹದ ಕಲಂ, ಯುಎಪಿಎ ಅಲ್ಲ. ಹಾಗಾಗಿ ನ್ಯಾಯಾಧೀಶರು ಸಾಕ್ಷ್ಯವನ್ನು ತೂಗಿ ನೋಡಿದರು, ಅದರಲ್ಲಿ ಹುರುಳಿಲ್ಲ ಅನಿಸಿ 23ಕ್ಕೇ ಜಾಮೀನು ಕೊಟ್ಟರು. ಯಾವ ಕಲಂ ಹಾಕುತ್ತಾರೆ ಅನ್ನೋದರಲ್ಲೇ ಅರ್ಧ ಶಿಕ್ಷೆ ತೀರ್ಮಾನವಾಗಿಬಿಡುತ್ತದೆ, ಅದನ್ನು ಆರಿಸುವುದು ಪೊಲೀಸರು.